ತಾಸೆ ಪೆಟ್ಟು ಹಾಕಿದರೆ ಅದು ಚಿಪ್‌ಟ್ಯೂನ್ ಅಲ್ವಾ?

ಕಾಪು_ಹುಡುಗ:
ಅಷ್ಟಮಿ ಮರುದಿನದ ವಿಟ್ಲಪಿಂಡಿಗೆ ನಮ್ಮ ಹುಲಿವೇಷ ತಂಡದ ಒಂದು ವಿಡಿಯೋ ಮಾಡುತ್ತಿದ್ದೇವೆ. ಹಿಂದೆ ಕ್ಯಾಸೆಟ್ ಹಾಕಿ ಆಡುತ್ತಿದ್ದ ಟಿವಿ ಗೇಮ್‌ನಂಥ ಮ್ಯೂಸಿಕ್ ಬೇಕು ಅಂತ ಆಸೆ. ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್, ಉಬುಂಟು ಉಂಟು. ಒಂದು ಅಂಗಡಿಯವರು "ಮ್ಯೂಸಿಕ್‌ಗೆಲ್ಲ ಇದು ಸಾಲುದಿಲ್ಲ, ಹೊಸದು ತೆಗೆದುಕೊಳ್ಳಿ" ಅಂದರು. ನಾನು ಮಿಲ್ಕಿಟ್ರ್ಯಾಕರ್ ಅನ್ನುವ ಟ್ರ್ಯಾಕರ್ (ಸಾಲು ಸಾಲಾಗಿ ಸ್ವರ, ಅಂಕೆ ಬರೆದು ಹಾಡು ಕಟ್ಟುವ ಸಾಫ್ಟ್‌ವೇರ್) ಹಾಕಿಕೊಂಡೆ, ಆರಾಮಾಗಿ ಓಡುತ್ತದೆ. ಕಳೆದ ವರ್ಷ ಫೋನಿನಲ್ಲಿ ರೆಕಾರ್ಡ್ ಮಾಡಿದ ತಾಸೆ (ಹುಲಿ ಕುಣಿತಕ್ಕೆ ಕೋಲಿನಲ್ಲಿ ಬಾರಿಸುವ ಸಣ್ಣ ಚರ್ಮವಾದ್ಯ) ಪೆಟ್ಟನ್ನು ಕತ್ತರಿಸಿ ಸ್ಯಾಂಪಲ್ ಆಗಿ ಕೂರಿಸಿದೆ. ಕೇಳಿದ ಗೆಳೆಯ "ಇದು ಚಿಪ್‌ಟ್ಯೂನೇ ಅಲ್ಲ" ಅಂತಾನೆ. ಹೌದಾ?

ಸದ್ದಿನ_ಭಟ್ರು:
ಗೆಳೆಯ ಹೇಳಿದ್ದು ಸರಿ. ಹಳೇ ಗೇಮ್ ಯಂತ್ರದ ಸದ್ದಿನ ಚಿಪ್ಪು ತಾನೇ ಹುಟ್ಟಿಸಿದ ಸದ್ದಾದರೆ ಚಿಪ್‌ಟ್ಯೂನ್. ನೀವು ಹೇಳುವ ಟಿವಿ ಗೇಮ್ ಎಲ್ಲ 1983ರ ನಿಂಟೆಂಡೊ ಗೇಮ್ ಯಂತ್ರ ಫ್ಯಾಮಿಕಾಮ್‌ನ ನಕಲು. ಅದರಲ್ಲಿ ಸದ್ದು ಹುಟ್ಟಿಸುವ ಚಾನೆಲ್ ಅಂದರೆ ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್. ಅಷ್ಟರಲ್ಲೇ ಸಂಸಾರ ಮಾಡಬೇಕು. ಫೋನಿನ ರೆಕಾರ್ಡಿಂಗ್ ಸೇರಿಸುವುದಾದರೆ ಮಿಲ್ಕಿಟ್ರ್ಯಾಕರ್ ಯಾಕೆ, ಯಾವ ಸಾಫ್ಟ್‌ವೇರ್ ಆದರೂ ಆಗುತ್ತದಲ್ಲ. ಅಂಥ ಚಿಪ್ಪುಗಳನ್ನೇ ಅನುಕರಿಸುವ ಟ್ರ್ಯಾಕರ್ ಫರ್ನೇಸ್ ಹಾಕಿ. ಲಿನಕ್ಸ್‌ನಲ್ಲಿ ನೇರ ಓಡುತ್ತದೆ, ದುಡ್ಡು ಕೊಡಬೇಕಂತಿಲ್ಲ.

ಬಂದರಿನ_ಅಕ್ಕ:
ಭಟ್ರೆ, ಟ್ರ್ಯಾಕರ್ ಹುಟ್ಟಿದ್ದೇ ಸ್ಯಾಂಪಲ್‌ನಿಂದ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಸೌಂಡ್‌ಟ್ರ್ಯಾಕರ್ ಬರೆದಾಗ ಇದ್ದದ್ದು ನಾಲ್ಕು ಚಾನೆಲ್, 8 ಬಿಟ್ ಸ್ಯಾಂಪಲ್. ಜಾಗ ಉಳಿಸಲು ಜನ ಒಂದೇ ಒಂದು ಅಲೆಯಷ್ಟು ಸಣ್ಣ ಸ್ಯಾಂಪಲ್ ಹಾಕಿ ಅದನ್ನೇ ಸುತ್ತಿಸುತ್ತಿದ್ದರು. ಸದ್ದು ಕಮೊಡೋರ್ 64 ಕಂಪ್ಯೂಟರಿನ ಚಿಪ್ಪಿನ ಹಾಗೆ ಬರುತ್ತಿತ್ತು. ಅಂಥ ಹಾಡುಗಳನ್ನೂ ಚಿಪ್‌ಟ್ಯೂನ್ ಅಂತಲೇ ಕರೆದರು. ಹುಡುಗನನ್ನು ಸುಮ್ನೆ ಹೆದರಿಸಬೇಡಿ.

ಸದ್ದಿನ_ಭಟ್ರು:
ಅಲೆಯೊಂದನ್ನು ಸುತ್ತಿಸುವುದು ಬೇರೆ, ಇಡೀ ತಾಸೆಯನ್ನೇ ತಂದು ಕೂರಿಸುವುದು ಬೇರೆ ಅಕ್ಕ. ಮತ್ತೆ ತಾಸೆಗೆ ಸ್ಯಾಂಪಲ್ ಬೇಕಾಗಿಯೇ ಇಲ್ಲ. ನಾಯ್ಸ್ ಚಾನೆಲ್‌ನಲ್ಲಿ ಎರಡು ಬಗೆ ಉಂಟು. ಒಂದು ಮಳೆ ಸುರಿದ ಹಾಗೆ ಬರುವ ಉದ್ದದ್ದು, ಇನ್ನೊಂದು ತಗಡು ಬಡಿದ ಹಾಗೆ ಬರುವ ಗಿಡ್ಡದ್ದು. ಫರ್ನೇಸ್‌ನ ಇನ್‌ಸ್ಟ್ರುಮೆಂಟ್ ಕಿಟಕಿಯಲ್ಲಿ ಡ್ಯೂಟಿ/ನಾಯ್ಸ್ ಮ್ಯಾಕ್ರೋಗೆ (ಸದ್ದು ಹೊತ್ತು ಹೊತ್ತಿಗೆ ಹೇಗಿರಬೇಕು ಅನ್ನುವ ಅಂಕೆಗಳ ಪಟ್ಟಿ) 1 ಹಾಕಿದರೆ ಗಿಡ್ಡದ್ದು ಬರುತ್ತದೆ. ವಾಲ್ಯೂಮ್ ಮ್ಯಾಕ್ರೋಗೆ 15 12 8 5 2 0 ಅಂತ ಕೊಡಿ. ಒಂದೊಂದು ಅಂಕೆ ಒಂದು ಟಿಕ್, ಅಂದರೆ ಸೆಕೆಂಡಿನ 60ರಲ್ಲಿ ಒಂದು ಪಾಲು. "ಟರ್" ಅನ್ನುವಷ್ಟರಲ್ಲಿ ಮುಗಿಯಿತು. ಡೋಲಿಗೆ ಟ್ರಯಾಂಗಲ್, ಪಿಚ್ ಸರ್ರನೆ ಕೆಳಗೆ ಜಾರಿಸಿ.

ಚೆಂಡೆ_ಮನೆ:
ನನ್ನದು ಬೇರೆಯೇ ತಕರಾರು. ಸದ್ದು ಏನಾದರೂ ಮಾಡಿ, ಆದರೆ ತಾಸೆ ಚೌಕದೊಳಗೆ ಕೂರುವುದಿಲ್ಲ. ಬಾರಿಸುವವನ ಕಣ್ಣು ಹುಲಿಯ ಕಾಲಿನ ಮೇಲೆ ಇರುತ್ತದೆ. ಹುಲಿ ಅಕ್ಕಿ ಮುಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತುವಾಗ ಅವನು ಪೆಟ್ಟು ಎಳೆಯುತ್ತಾನೆ, ಹಿಂದಕ್ಕೆ ಎಸೆದ ಕೂಡಲೇ ಒಮ್ಮೆಲೇ ಬಿಡುತ್ತಾನೆ. ಇದನ್ನು ಯಾವ ಸಾಲಿನಲ್ಲಿ ಬರೆಯುತ್ತೀರಿ ಮಾರಾಯ್ರೆ?

ಸದ್ದಿನ_ಭಟ್ರು:
ಪೂರ್ತಿ ಆಗಲಿಕ್ಕಿಲ್ಲ, ಒಪ್ಪುತ್ತೇನೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಸ್ಪೀಡ್ (ಒಂದು ಸಾಲಿಗೆ ಎಷ್ಟು ಟಿಕ್) ಜಾಗದಲ್ಲಿ 6ರ ಬದಲು 7 5 ಅಂತ ಎರಡು ಅಂಕೆ ಕೊಟ್ಟರೆ ಒಂದು ಸಾಲು ಉದ್ದ, ಒಂದು ಗಿಡ್ಡ ಆಗಿ ಓಟಕ್ಕೆ ಒಂದು ತೂಗಾಟ ಬರುತ್ತದೆ. ಒಂದೇ ಪೆಟ್ಟು ತಡವಾಗಿ ಬೇಕಾದರೆ ಅದರ ಪಕ್ಕದಲ್ಲಿ ED02 ಅಂತ ಬರೆಯಿರಿ, ಎರಡು ಟಿಕ್ ತಡವಾಗುತ್ತದೆ.

ಚೆಂಡೆ_ಮನೆ:
ಹಾಗಾದರೆ ನಮ್ಮ ಯಕ್ಷಗಾನ ಆಟದ ತಾಳ? ತ್ರಿವುಡೆಗೆ 7 ಅಕ್ಷರ. ಇವರ ಪ್ಯಾಟರ್ನ್ (ಹಾಡಿನ ಒಂದೊಂದು ತುಂಡು) 64 ಸಾಲಿನದ್ದಲ್ವಾ?

ಬಂದರಿನ_ಅಕ್ಕ:
64 ಅನ್ನುವುದು ಅಮಿಗಾ ಕಾಲದ ಹಳೇ ಮಾಡ್ (MOD) ಫೈಲಿನ ಕಟ್ಟುಪಾಡು. ಅದರಲ್ಲೂ ನಡುವೆ D00 ಹಾಕಿ ಮುಂದಿನ ಪ್ಯಾಟರ್ನ್‌ಗೆ ಹಾರಬಹುದು. ಮಿಲ್ಕಿಟ್ರ್ಯಾಕರ್, ಫರ್ನೇಸ್ ಎರಡರಲ್ಲೂ ಉದ್ದ ನಿಮ್ಮ ಇಷ್ಟ. ಅಕ್ಷರಕ್ಕೆ ನಾಲ್ಕು ಸಾಲು ಹಿಡಿದರೆ ತ್ರಿವುಡೆಗೆ 28, 10 ಅಕ್ಷರದ ಝಂಪೆಗೆ 40. ಸ್ವರಕ್ಕೂ ಹೀಗೇ ಲೆಕ್ಕ. ಮಿಲ್ಕಿಟ್ರ್ಯಾಕರ್‌ನಲ್ಲಿ 047 ಅಂತ (ಮೂಲ ಸ್ವರ, ಅದರಿಂದ 4 ಮತ್ತು 7 ಅರ್ಧಸ್ವರ ಮೇಲೆ) ಬರೆದರೆ ಸ-ಗ-ಪ ಮೂರನ್ನೂ ಒಂದೇ ಚಾನೆಲ್ ಗಿರಗಿರನೆ ತಿರುಗಿಸುತ್ತದೆ. ಆ ಟಿವಿ ಗೇಮ್ ವಾಸನೆ ಬರುವುದೇ ಅಲ್ಲಿಂದ. ಹಾಡಿಗೆ ಒಂದೆರಡು ಕಡೆ ಸಾಕು, ಜಾಸ್ತಿಯಾದರೆ ಸೈಕಲ್ ಗಂಟೆ.

ಅಂದ ಹಾಗೆ ಭಟ್ರೆ, ಫ್ಯಾಮಿಕಾಮ್‌ನ ಐದನೇ ಚಾನೆಲ್ ಬಿಟ್ಟೇ ಬಿಟ್ಟಿರಲ್ಲ?

ಸದ್ದಿನ_ಭಟ್ರು:
ಡಿಪಿಸಿಎಂ. ಹೇಳುತ್ತೀರಿ ಅಂತ ಗೊತ್ತಿತ್ತು 😀

ಬಂದರಿನ_ಅಕ್ಕ:
ಅದೇ. ಅದು ಸ್ಯಾಂಪಲ್ ನುಡಿಸಲೆಂದೇ ಇರುವ ಚಾನೆಲ್. 1 ಬಿಟ್, ಒಂದು ಸ್ಯಾಂಪಲ್‌ಗೆ ಹೆಚ್ಚೆಂದರೆ 4081 ಬೈಟ್. ಅತಿ ವೇಗದಲ್ಲಿ ನುಡಿಸಿದರೂ ಹತ್ತಿರ ಹತ್ತಿರ ಒಂದು ಸೆಕೆಂಡ್ ಬರುತ್ತದೆ, ಒಂದು ಪೆಟ್ಟಿಗೆ ಧಾರಾಳ ಆಯ್ತು. ಕಾಪುವಿನ ತಾಸೆ ಅಲ್ಲಿಗೆ ಹೋಗಲಿ. ಚಿಪ್ಪೇ ಬೇಡ ಅನ್ನಲಿಲ್ಲ, ಇನ್ನು ನೀವು ಬೇಡ ಅನ್ನುವುದು ಹೇಗೆ?

ಸದ್ದಿನ_ಭಟ್ರು:
ಹಾಗಾದರೆ ನನ್ನ ಒಪ್ಪಿಗೆ ಉಂಟು. 1 ಬಿಟ್‌ಗೆ ಇಳಿಸಿದ ಮೇಲೆ ಅದರಲ್ಲಿ ತಾಸೆ ಎಷ್ಟು ಉಳಿಯುತ್ತದೋ ನೋಡೋಣ.

ಕಾಪು_ಹುಡುಗ:
ಎರಡು ದಿನ ಕೂತು ಮಾಡಿದೆ. ಫೋನಿನ ರೆಕಾರ್ಡಿಂಗ್ ಮೊದಲೇ ಒಡೆದಿತ್ತು, 1 ಬಿಟ್ ಆದ ಮೇಲೆ ಅದೇ ಚಂದ ಕೇಳುತ್ತದೆ, ನಂಬುತ್ತೀರಾ? ಅದರ ಮೇಲೆ ಭಟ್ರು ಹೇಳಿದ ಗಿಡ್ಡ ನಾಯ್ಸ್‌ ಸಣ್ಣಗೆ ಸೇರಿಸಿದೆ. ಆದರೆ ತಾಸೆ ಬಂದಾಗೆಲ್ಲ ಡೋಲು ತಗ್ಗುತ್ತದೆ. ವಾಲ್ಯೂಮ್ ಏರಿಸಲು ನೋಡಿದೆ, ಟ್ರಯಾಂಗಲ್‌ನಲ್ಲಿ ಏರುವುದೇ ಇಲ್ಲ. ನನ್ನ ತಪ್ಪಾ?

ಬಂದರಿನ_ಅಕ್ಕ:
ಅಲ್ಲ ತಮ್ಮ. ಟ್ರಯಾಂಗಲ್‌ಗೆ ವಾಲ್ಯೂಮ್ ಅಂತಲೇ ಇಲ್ಲ, ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಿಪಿಸಿಎಂ ಮಟ್ಟ ಮೇಲೆ ನಿಂತಾಗ ಟ್ರಯಾಂಗಲ್, ನಾಯ್ಸ್ ಎರಡೂ ಕುಗ್ಗುವುದು ಅಸಲಿ ಚಿಪ್ಪಿನದ್ದೇ ಗುಣ. ಡೋಲು ಮತ್ತು ತಾಸೆ ಒಂದೇ ಸಾಲಿಗೆ ಬೀಳದ ಹಾಗೆ ಬರೆದು ನೋಡು.

ಚೆಂಡೆ_ಮನೆ:
ಕೇಳಿದೆ ಮಾರಾಯ. ಮುಡಿ ಎತ್ತುವಲ್ಲಿ ಮಾತ್ರ ಅವಸರ ಮಾಡಿದ್ದಿ. ಆ ಪ್ಯಾಟರ್ನನ್ನು ವಿಡಿಯೋ ನೋಡಿಕೊಂಡು ಇನ್ನೂ ಎರಡು ಸಲ ತಿರುಗಿಸು. ಅವನು ಎಸೆಯಲಿ, ಆಮೇಲೆ ಬಿಡು.