ಮೂಗರ್ಜಿ ಬರೆದವರನ್ನು ಬರವಣಿಗೆಯಿಂದಲೇ ಕಂಡುಹಿಡಿಯಬಹುದಾ?

ಕಬ್ಬಿನಗದ್ದೆ:
ಮಂಡ್ಯದಲ್ಲಿ ನಾವಿರುವ ಬಡಾವಣೆಯ ಸಂಘದ ಲೆಕ್ಕಪತ್ರ ಸರಿಯಿಲ್ಲ ಅಂತ ಮೇಲಿನವರಿಗೆ ಮೂಗರ್ಜಿ ಹೋಗಿದೆ. ಎರಡು ಪುಟ, ಟೈಪ್ ಮಾಡಿದ್ದು. ಕೆಳಗೆ ‘ನೊಂದ ನಿವಾಸಿ’ ಅಂತ ಅಷ್ಟೇ. ಈಗ ಎಲ್ಲರೂ ಒಬ್ಬ ರಿಟೈರ್ಡ್ ಮೇಷ್ಟ್ರ ಕಡೆ ಬೆರಳು ತೋರಿಸುತ್ತಿದ್ದಾರೆ. ‘ಇಷ್ಟು ಚೆನ್ನಾಗಿ ಕನ್ನಡ ಬರೆಯೋರು ನಮ್ಮಲ್ಲಿ ಇನ್ಯಾರಿದ್ದಾರೆ’ ಅನ್ನೋದೇ ಸಾಕ್ಷಿ! ಪಾಪ, ಅವರು ಬೆಳಗಿನ ವಾಕಿಂಗನ್ನೇ ಬಿಟ್ಟಿದ್ದಾರೆ. ಅವರ ಹಳೇ ವಾಟ್ಸಾಪ್ ಮೆಸೇಜುಗಳು ನನ್ನ ಹತ್ತಿರ ಬೇಕಾದಷ್ಟಿವೆ. ಅರ್ಜಿಯ ಪಕ್ಕ ಇಟ್ಟು ನೋಡಿದರೆ ಏನಾದರೂ ಗೊತ್ತಾಗುತ್ತಾ?

ಸರಸ್ವತಿಪುರಂ ಸಂಜೆ:
ಗೊತ್ತಾಗಬಹುದು, ಆದರೆ ದೊಡ್ಡ ಪದಗಳ ಹಿಂದೆ ಹೋಗಬೇಡಿ. ಅವನ್ನು ಯಾರು ಬೇಕಾದರೂ ಎರವಲು ತರುತ್ತಾರೆ. ಕೈಗೆ ತಾನಾಗೇ ಬರುವ ಚಿಕ್ಕ ಪದಗಳೇ ಗುಟ್ಟು ಬಿಟ್ಟುಕೊಡುವುದು. ಅಮೆರಿಕದಲ್ಲಿ 1787–88ರಲ್ಲಿ ‘ಪಬ್ಲಿಯಸ್’ ಅನ್ನೋ ಸುಳ್ಳು ಹೆಸರಲ್ಲಿ 85 ಲೇಖನ ಬಂದವು. ಅದರಲ್ಲಿ 12 ಲೇಖನ ಅಲ್ಲಿನ ನಾಯಕರಾದ ಹ್ಯಾಮಿಲ್ಟನ್‌ದೋ ಮ್ಯಾಡಿಸನ್‌ದೋ ಅಂತ ಜಗಳ ಬಹಳ ಕಾಲ ಇತ್ತು. ಮಾಸ್ಟೆಲರ್ ಮತ್ತು ವ್ಯಾಲೆಸ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕೂತು ಇಂಥ ಪುಟ್ಟ ಪದಗಳನ್ನು ಎಣಿಸಿ 1964ರಲ್ಲಿ ಪುಸ್ತಕ ಮಾಡಿದರು. ಹ್ಯಾಮಿಲ್ಟನ್ ಮಾತುಮಾತಿಗೆ ‘ಅಪಾನ್’ (‘ಮೇಲೆ’ ಅನ್ನೋ ಇಂಗ್ಲಿಷ್ ಪದ) ಅಂತಾನೆ, ಮ್ಯಾಡಿಸನ್ ಅದನ್ನು ಮುಟ್ಟುವುದೇ ಅಪರೂಪ. 12 ಕೂಡ ಮ್ಯಾಡಿಸನ್ ಕಡೆಗೇ ವಾಲಿದವು. ನೀವು ‘ಮತ್ತು’ ಜಾಸ್ತಿಯೋ ‘ಹಾಗೂ’ ಜಾಸ್ತಿಯೋ, ‘ಎಂದು’ ಬರೆಯುತ್ತಾರೋ ‘ಅಂತ’ ಬರೆಯುತ್ತಾರೋ, ‘ಸಹ’ನೋ ‘ಕೂಡ’ನೋ, ಇವನ್ನು ಎಣಿಸಿ.

ಹಳೇ ಬರಹ:
ಅಲ್ಲಿ ಇದ್ದದ್ದು ಇಬ್ಬರೇ ಸ್ವಾಮಿ, ಇಬ್ಬರದೂ ರಾಶಿ ಬರಹ ಕೈಯಲ್ಲಿತ್ತು. ಇಲ್ಲಿ ಇಡೀ ಬಡಾವಣೆ, ಎರಡೇ ಪುಟ. ಇನ್ನೊಂದು, ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಪದಗಳು ಕನ್ನಡದಲ್ಲಿ ಹಿಂದಿನ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ಮನೆಯಲ್ಲಿಯೂ’ ಅನ್ನೋ ಒಂದರಲ್ಲೇ ‘ಮನೆ’, ‘ಅಲ್ಲಿ’, ‘ಊ’ ಅಂತ ಮೂರಿವೆ. ಹಾಗಾಗಿ ಬರೀ ಪದ ಎಣಿಸಿದರೆ ಸಾಲದು, ಬಾಲ ಬಿಡಿಸಿ ಎಣಿಸಬೇಕು. ವಾಟ್ಸಾಪಿನಲ್ಲಿ ‘ಬತ್ತೀನಿ ಕಣಪ್ಪ’ ಅನ್ನೋರು ಅರ್ಜಿಯಲ್ಲೂ ಹಾಗೇ ಬರೆಯುತ್ತಾರಾ? ಅರ್ಜಿಯ ಜೊತೆ ಅರ್ಜಿಯನ್ನೇ ಹೋಲಿಸಿ. ನಮ್ಮ ‘ಕವಿರಾಜಮಾರ್ಗ’ 9ನೇ ಶತಮಾನದ್ದು, ನೃಪತುಂಗನೇ ಬರೆದನೋ ಶ್ರೀವಿಜಯನೋ ಅಂತ ಪಂಡಿತರು ವಾದ ಮಾಡಿಕೊಂಡೇ ಬಂದಿದ್ದಾರೆ. ನಿಮ್ಮ ಸಂಘದವರಿಗೆ ಒಂದೇ ವಾರದಲ್ಲಿ ತೀರ್ಪು ಸಿಕ್ಕಿಬಿಟ್ಟಿತಲ್ಲ!

ಬೆಲ್ಲದಚ್ಚು:
ತಪ್ಪುಗಳನ್ನೂ ನೋಡಿ. ಪ್ರಶ್ನೆ ಚಿಹ್ನೆಗೆ ಮುಂಚೆ ಜಾಗ ಬಿಡುವುದು, ‘ಹ’ ಬರಬೇಕಾದಲ್ಲಿ ‘ಅ’ ಹಾಕುವುದು. ಆದರೆ ಈ ಎರಡನೆಯದರಿಂದ ನಮ್ಮ ಕಡೆ ಯಾರನ್ನೂ ಹಿಡಿಯೋಕಾಗಲ್ಲ. ಎಲ್ಲರನ್ನೂ ಹಿಡಿಯಬೇಕಾಗುತ್ತೆ.

ಕಬ್ಬಿನಗದ್ದೆ:
ರಾತ್ರಿ ಕೂತು ಎಣಿಸಿದೆ. ಮೇಷ್ಟ್ರು ಸಂಘಕ್ಕೆ ಹಿಂದೆ ಬರೆದ ನಾಲ್ಕು ಪತ್ರ ಸಿಕ್ಕವು. ಎಲ್ಲದರಲ್ಲೂ ‘ಹಾಗೂ’ ಇದೆ, ‘ಮತ್ತು’ ಒಂದೂ ಇಲ್ಲ. ಮೂಗರ್ಜಿಯಲ್ಲಿ 14 ‘ಮತ್ತು’, ‘ಹಾಗೂ’ ಸೊನ್ನೆ. ಜೊತೆಗೆ ‘ಸದರಿ’ 9 ಸಲ. ಮೇಷ್ಟ್ರ ಪತ್ರಗಳಲ್ಲಿ ಒಂದೂ ‘ಸದರಿ’ ಇಲ್ಲ. ಇದು ಆಫೀಸಿನಲ್ಲಿ ಫೈಲು ಬರೆದ ಕೈ ಅನಿಸುತ್ತೆ. ಇದನ್ನು ಸಂಘದವರಿಗೆ ತೋರಿಸಿ ಮೇಷ್ಟ್ರ ಹೆಸರು ಬಿಡಿಸೋಣ ಅಂತ ಹೊರಟಿದ್ದೆ.

ಬೆಲ್ಲದಚ್ಚು:
ಒಳ್ಳೇದಲ್ವಾ, ತೋರಿಸಿ ಮತ್ತೆ!

ಕಬ್ಬಿನಗದ್ದೆ:
ಅಪ್ಪ 30 ವರ್ಷ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಬೆಳಿಗ್ಗೆ ಹಾಲಿನವನಿಗೆ ಚೀಟಿ ಬರೆದಿಟ್ಟಿದ್ದರು: ‘ಸದರಿ ದಿನ ಹಾಲು ಬೇಡ.’