ಮಾರ್ಟಿನ್ಸ್‌ವಿಲ್ ಟ್ರ್ಯಾಕ್: ತಿರುವಿಗೆ ಮಾತ್ರ ಕಾಂಕ್ರೀಟ್ ಯಾಕೆ? ಎರಿ ಮಣ್ಣಲ್ಲಿ ಅಂಥದ್ದು ನಿಲ್ಲುತ್ತಾ?

ಎರಿಹೊಲ_ಸಿರುಗುಪ್ಪ:
ಅಮೆರಿಕದ ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಸ್ಪೀಡ್‌ವೇ ಅನ್ನೋ ಕಾರ್ ರೇಸ್ ಟ್ರ್ಯಾಕ್ ಬಗ್ಗೆ ತಿಳಿದವರು ಹೇಳಿ. ಊರು ಸಣ್ಣದು, ಟ್ರ್ಯಾಕೂ ಸಣ್ಣದು. ಒಂದು ಸುತ್ತು 0.526 ಮೈಲಿ, ಅಂದ್ರೆ ಸುಮಾರು 847 ಮೀಟರ್. ನೇರ ಭಾಗಕ್ಕೆ ಡಾಂಬರು, ತಿರುವಿಗೆ ಕಾಂಕ್ರೀಟ್. ವೇಗ ಹೆಚ್ಚಲಿ ಅಂತ ಹೀಗೆ ಮಾಡಿದ್ರಾ? ಇನ್ನೊಂದು, ಶುರುವಿನಲ್ಲಿ ಅದು ಬರೀ ಮಣ್ಣಿನ ಟ್ರ್ಯಾಕ್. 400 ಮೀಟರಿನ ಮಣ್ಣಿನ ಓವಲ್ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮಾಡಿದ್ರೆ ತಡೆದೀತಾ?

ಓವಲ್_ಹೊಸಪೇಟೆ:
ವೇಗಕ್ಕಲ್ಲ. ತಿರುವು ಕಿತ್ತುಹೋಗ್ತಿತ್ತು, ಅದಕ್ಕೆ. ಆ ಟ್ರ್ಯಾಕಿನ ಚರಿತ್ರೆ ಅಂದ್ರೆ ಅದರ ಮೇಲ್ಪದರದ ಚರಿತ್ರೆಯೇ.

ಕಟ್ಟಿಸಿದವರು ಎಚ್. ಕ್ಲೇ ಅರ್ಲ್ಸ್. ಮೊದಲ ಓಟ 1947ರ ಸೆಪ್ಟೆಂಬರ್ 7, ಭಾನುವಾರ. ಅಮೆರಿಕದಲ್ಲಿ ಕಾರ್ ಓಟ ನಡೆಸುವ ಸಂಸ್ಥೆ ನಾಸ್ಕಾರ್ ಆಗಿನ್ನೂ ಹುಟ್ಟಿರಲಿಲ್ಲ. ಸಿದ್ಧವಾಗಿದ್ದದ್ದು 750 ಸೀಟು, ಟಿಕೆಟ್ ಕೊಂಡು ಬಂದವರು 6,000ಕ್ಕೂ ಹೆಚ್ಚು. ಗೆದ್ದವರು ರೆಡ್ ಬೈರನ್. ಚರ್ಚಿನ ಬಟ್ಟೆಯಲ್ಲೇ ಬಂದಿದ್ದ ಜನ ಧೂಳು ಮೆತ್ತಿಕೊಂಡು ಮನೆಗೆ ಹೋದರು. 1955ರಲ್ಲಿ ಡಾಂಬರು ಬಂತು, ಧೂಳು ಹೋಯಿತು, ಆದರೆ ಹೊಸ ಕಾಟ ಶುರುವಾಯಿತು. 244 ಮೀಟರ್ ನೇರ ಓಡಿ ಬಂದ ಕಾರು ಜೋರಾಗಿ ಬ್ರೇಕ್ ಹಿಡಿದು, ಸ್ಟಿಯರಿಂಗ್ ತಿರುಗಿಸಿಕೊಂಡೇ ಮತ್ತೆ ಆಕ್ಸಿಲರೇಟರ್ ಒತ್ತುತ್ತದೆ. ಬಿಸಿಲಿಗೆ ಮೆತ್ತಗಾದ ಡಾಂಬರನ್ನು ಟೈರು ಅಡ್ಡಕ್ಕೆ ಉಜ್ಜುತ್ತದೆ, ಜಲ್ಲಿ ಎದ್ದು ಬರುತ್ತದೆ. ಕಾಂಕ್ರೀಟ್ ಬಿಸಿಲಿಗೆ ಮೆತ್ತಗಾಗುವುದಿಲ್ಲ. ಅದಕ್ಕೇ 1976ರಲ್ಲಿ ತಿರುವಿಗಷ್ಟೇ ಹಾಕಿದರು.

ಹಾಗಂತ ಕಾಂಕ್ರೀಟೂ ಶಾಶ್ವತವಲ್ಲ. 2004ರ ಏಪ್ರಿಲ್ ಓಟದಲ್ಲಿ ಒಂದು ತುಂಡು ಎದ್ದು ಜೆಫ್ ಗಾರ್ಡನ್ ಅವರ ಕಾರಿಗೆ ಬಡಿಯಿತು. ರಿಪೇರಿಗೆ ಅಂತ ಓಟವನ್ನು ಒಂದು ಗಂಟೆಗೂ ಹೆಚ್ಚು ನಿಲ್ಲಿಸಬೇಕಾಯಿತು.

1949ರಲ್ಲಿ ನಡೆದ ನಾಸ್ಕಾರ್ ಮುಖ್ಯ ಸರಣಿಯ ಮೊದಲ ಸೀಸನ್ನಿನಲ್ಲಿದ್ದ ಟ್ರ್ಯಾಕುಗಳಲ್ಲಿ ಒಂದು ವರ್ಷವೂ ಬಿಡದೆ ಆ ಸರಣಿಯಲ್ಲಿ ಉಳಿದದ್ದು ಇದೊಂದೇ. ಗೆದ್ದವರಿಗೆ 1964ರಿಂದ ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ. ಅಲ್ಲೇ ಪಕ್ಕದ ರಿಡ್ಜ್‌ವೇ ಕಾರ್ಖಾನೆ ಅಂಥ ಗಡಿಯಾರಗಳಿಗೆ ಹೆಸರಾಗಿತ್ತು. ಊರಿನ ಕೈಕೆಲಸವನ್ನೇ ಬಹುಮಾನ ಮಾಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಗ್ಯಾರೇಜ್_ಕೌಲ್‌ಬಜಾರ್:
ತಿರುವಿಗೆ ಎಷ್ಟು ಭಾರ ಬೀಳುತ್ತೆ ಅನ್ನೋದಕ್ಕೆ ಲೆಕ್ಕ ನೋಡಿ. ತಿರುವಿನ ತ್ರಿಜ್ಯ ಸುಮಾರು 57 ಮೀಟರ್, ಟ್ರ್ಯಾಕು ಒಳಕ್ಕೆ ವಾಲಿರೋ ಓರೆ 12 ಡಿಗ್ರಿ. ಆ ಓರೆಯೊಂದೇ ಹಿಡಿದಿಡೋದು ಗಂಟೆಗೆ 39 ಕಿ.ಮೀ. ವೇಗವನ್ನು. ಅದಕ್ಕಿಂತ ಹೆಚ್ಚಿನ ವೇಗದ ಹೊರೆಯೆಲ್ಲ ಟೈರಿನ ಹಿಡಿತದ ಮೇಲೆ.

ಅಲ್ಲಿ ಓಟ ಎಡಕ್ಕೇ ಸುತ್ತೋದು, ಹಾಗಾಗಿ ಕಾರನ್ನೂ ಎಡ ತಿರುವಿಗಂತಲೇ ಕೂರಿಸಬೇಕು. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗೋ ಲಾಕ್ ಮಾಡಿದ ಆಕ್ಸಲ್ ಆದ್ರೆ, ತಿರುವಿನ ಹೊರಗಡೆ ಹೆಚ್ಚು ದೂರ ಓಡೋ ಬಲಗಡೆ ಟೈರಿನ ಸುತ್ತಳತೆ ಹೆಚ್ಚಿರಬೇಕು. ಚಕ್ರಗಳ ಅಂತರ 1.55 ಮೀಟರನ್ನು 57ರಿಂದ ಭಾಗಿಸಿ, ಟೈರಿನ ಸುತ್ತಳತೆ 224 ಸೆಂ.ಮೀ.ಗೆ ಗುಣಿಸಿ: ಸುಮಾರು 6 ಸೆಂ.ಮೀ. ವ್ಯತ್ಯಾಸ. ಅಷ್ಟೂ ಕೊಟ್ಟರೆ ನೇರದಲ್ಲಿ ಗಾಡಿ ಎಡಕ್ಕೆ ಎಳೆಯುತ್ತೆ, ಆದ್ದರಿಂದ ಸ್ವಲ್ಪ ಕಡಿಮೆಯೇ ಇಡೋದು. ಗಾಳಿ ತುಂಬಿದ ಮೇಲೆ ಟೇಪ್ ಹಿಡಿದು ಅಳೆಯಿರಿ. ಟೈರಿನ ಮೇಲೆ ಬರೆದಿರೋ ಸೈಜು ನಂಬಬೇಡಿ.

ಎರಿಹೊಲ_ಸಿರುಗುಪ್ಪ:
ಇಬ್ಬರಿಗೂ ಧನ್ಯವಾದ. ಮಣ್ಣಿನ ವಿಷಯ ಯಾರಾದ್ರೂ ಹೇಳ್ತೀರಾ?

ಮಸಾರಿ_ಕೊಪ್ಪಳ:
ಎರಿ ಹೊಲ ಬಿಡಿ ಅಣ್ಣಾ, ಮಸಾರಿ (ಕೆಂಪು ಮಣ್ಣಿನ) ಜಾಗ ಹುಡುಕಿ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತೆ. ಅದರ ಮೇಲೆ ಕಟ್ಟಲೇಬೇಕು ಅಂದ್ರೆ ಉಬ್ಬದ ಮಣ್ಣಿನ ಪದರ ಕನಿಷ್ಠ 60 ಸೆಂ.ಮೀ. ಬೇಕು. 400 ಮೀಟರ್ ಉದ್ದ, 15 ಮೀಟರ್ ಅಗಲಕ್ಕೆ 3,600 ಘನ ಮೀಟರ್ ಆಯ್ತು, 10 ಘನ ಮೀಟರಿನ ಟಿಪ್ಪರಿಗೆ 360 ಲೋಡು. ರೋಲರ್ ಹೊಡೆದ ಮೇಲೆ ಕುಗ್ಗುತ್ತೆ, ಅದಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ.

ಮಣ್ಣು ತರಿಸೋ ಮುಂಚೆ ಪರೀಕ್ಷೆ ಮಾಡಿ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು ಹತ್ತು ಹತ್ತು ಗ್ರಾಂ, 100 ಮಿ.ಲೀ.ನ ಎರಡು ಅಳತೆ ಜಾಡಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ ಗಾಳಿಗುಳ್ಳೆ ಬಿಡಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಒಂದೂವರೆ ಪಟ್ಟು ಎದ್ದು ಕೂತರೆ ಆ ಮಣ್ಣು ಬೇಡ. ಸಂಡೂರು ಕಡೆಯ ಗಣಿ ಮಣ್ಣು ಕೆಂಪಗಿದೆ ಅಂತ ಅದನ್ನೂ ತರಿಸಬೇಡಿ, ಬಣ್ಣಕ್ಕೂ ಅಂಟಿಗೂ ಸಂಬಂಧವಿಲ್ಲ. ಬರೀ ಗರಸೂ ಆಗದು. ಅಂಟು ಇಲ್ಲದ್ದಕ್ಕೆ ಟೈರಿಗೆ ಸಿಕ್ಕ ಕಲ್ಲು ಹಿಂದಿನ ಗಾಡಿಗೆ ಹಾರುತ್ತೆ.

ಬಹಳ ಜನ ತಪ್ಪೋದು ನೀರಿನಲ್ಲಿ. ಓಟಕ್ಕೆ ಅರ್ಧ ಗಂಟೆ ಮುಂಚೆ ಟ್ಯಾಂಕರ್ ಓಡಿಸಿದ್ರೆ ಮೇಲೆ ಜಾರು, ಒಳಗೆ ಒಣ. ಹತ್ತು ಸುತ್ತಿಗೆ ಚಕ್ಕೆ ಎದ್ದು ಧೂಳಾಗುತ್ತೆ. ಹಿಂದಿನ ಸಂಜೆಯೇ 7-8 ಸೆಂ.ಮೀ. ಕೆರೆದು, ನೀರು ಕುಡಿಸಿ, ಬೆಳಗ್ಗೆ ಬ್ಲೇಡ್ ಎಳೆದು ರೋಲರ್ ಹೊಡೆಯಿರಿ. 6,000 ಚದರ ಮೀಟರಿಗೆ 3 ಮಿ.ಮೀ. ನೀರು ಅಂದ್ರೂ 18,000 ಲೀಟರ್, 5,000 ಲೀಟರಿನ ಟ್ಯಾಂಕರ್ ನಾಲ್ಕು ಸಲ. ತಿರುವಿನಲ್ಲಿ ಮೇಲಂಚಿನಿಂದ ಬಿಡುತ್ತಾ ಬನ್ನಿ. ಓರೆ ಇರೋದರಿಂದ ನೀರು ತಾನೇ ಕೆಳಗಿಳಿಯುತ್ತೆ. ಕೆಳಗೂ ಅಷ್ಟೇ ಹೊಯ್ದರೆ ಒಳ ಅಂಚು ಕೆಸರು. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಅಂಗೈಗೆ ಮೆತ್ತಬಾರದು. ಆಮೇಲೆ ಗಾಡಿ ಬಿಡಿ.