ಗೇರ್ ತೆಗೆದು ಸಿಂಗಲ್ ಸ್ಪೀಡ್ ಮಾಡಿದ ಮೇಲೆ ಚೈನು ಕಳಚುತ್ತಿದೆ, ಜಿಗಿಯುತ್ತಿದೆ

ಪೆಡಲ್_ಮೈಸೂರು:
26 ಇಂಚಿನ ಸ್ಟೀಲ್ ಎಂಟಿಬಿ, ಮುಂದೆ 3, ಹಿಂದೆ 7 ಗೇರು ಇತ್ತು. ಶಿಫ್ಟರ್, ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಲ್ಲ ತೆಗೆದು ಸಿಂಗಲ್ ಸ್ಪೀಡ್ ಮಾಡಿದ್ದೇನೆ. ಹಿಂದಿನ ಏಳು ಗೇರಿನ ಫ್ರೀವೀಲ್ ಬಿಚ್ಚಿ ಅದೇ ಹಬ್ಬಿಗೆ ಸಾದಾ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್ ಹಾಕಿದೆ, ಥ್ರೆಡ್ ಸಲೀಸಾಗಿ ಕೂತಿತು. ಮುಂದೆ ಹಳೇ ಕ್ರ್ಯಾಂಕೇ, ದೊಡ್ಡ 42 ಹಲ್ಲಿನ ರಿಂಗಿನ ಮೇಲೆ ಓಡಿಸುತ್ತಿದ್ದೇನೆ. ಚೈನೂ ಹಳೆಯದೇ, ಅಳತೆಗೆ ಕತ್ತರಿಸಿದೆ.

ಎದ್ದು ನಿಂತು ತುಳಿದರೆ ಚೈನು ಕಟಕ್ಕೆಂದು ಜಿಗಿಯುತ್ತದೆ. ಹಂಪ್ ಹಾರಿದರೆ ಮುಂದಿನ ರಿಂಗಿನಿಂದ ಒಳಗೆ ಬೀಳುತ್ತದೆ. ಮೆಲ್ಲಗೆ ತುಳಿದರೂ ಹಿಂದೆ ಕರಕರ ಸದ್ದು. ಚೈನು ಬಿಗಿ ಮಾಡೋಣವೆಂದರೆ ಚಕ್ರ ಹಿಂದಕ್ಕೆ ಎಳೆಯಲು ಜಾಗವೇ ಇಲ್ಲ, ಆಕ್ಸಲ್ ಕೂರುವ ಸೀಳು ನೇರ ಮೇಲಕ್ಕಿದೆ. ಇದೆಲ್ಲ ಸರಿಹೋದರೆ ಮುಂದೆ ಇದನ್ನೇ ಫಿಕ್ಸಿ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲೂ ತಿರುಗುವ ಸೈಕಲ್) ಮಾಡುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಕಡ್ಡಿಚಕ್ರ:
ಕರಕರ ಸದ್ದಿನ ಕಾರಣ ನೀವು ಬರೆದದ್ದರಲ್ಲೇ ಇದೆ. ಗೇರ್ ಸೈಕಲ್ಲಿನ ಚೈನು 3/32 ಇಂಚಿನದು, ಒಳಗಿನ ಅಗಲ ಸುಮಾರು 2.4 ಮಿ.ಮೀ. ಸಾದಾ ಸೈಕಲ್ಲಿನ ಫ್ರೀವೀಲ್ ಮಾಡಿರುವುದು 1/8 ಇಂಚಿನ ಚೈನಿಗೆ, ಅಂದರೆ ಸುಮಾರು 3.2 ಮಿ.ಮೀ. ಅಗಲಕ್ಕೆ. ಅದರ ದಪ್ಪ ಹಲ್ಲು ನಿಮ್ಮ ಚೈನಿನೊಳಗೆ ಇಳಿಯುವುದೇ ಇಲ್ಲ. ಚೈನು ಹಲ್ಲಿನ ಬುಡದಲ್ಲಿ ಕೂರುವ ಬದಲು ತುದಿಗೆ ಹತ್ತಿ ನಿಂತಿದೆ. ಜೋರಾಗಿ ತುಳಿದಾಗ ಜಿಗಿಯುವುದಕ್ಕೂ ಮೊದಲ ಕಾರಣ ಇದೇ. ಅಗಲ ಚೈನು ತೆಳು ಹಲ್ಲಿನ ಮೇಲೆ ಓಡುತ್ತದೆ, ತೆಳು ಚೈನು ದಪ್ಪ ಹಲ್ಲಿನ ಮೇಲೆ ಓಡುವುದಿಲ್ಲ.

ಉಳಿದದ್ದು ಹೇಳಲು ಮೂರು ಅಳತೆ ಬೇಕು. ಸೀಟಿನ ಕೊಳವೆಯ ವ್ಯಾಸ. ಆ ಕೊಳವೆಯ ಬಲ ಮೈಯಿಂದ ದೊಡ್ಡ ರಿಂಗಿನ ಹಲ್ಲಿನ ನಡುವಿಗೆ ಎಷ್ಟು. ಬಲಗಡೆ ಡ್ರಾಪ್‌ಔಟ್‌ನ (ಆಕ್ಸಲ್ ಕೂರುವ ಸೀಳಿರುವ ತಗಡು) ಒಳ ಮೈಯಿಂದ ಫ್ರೀವೀಲ್ ಹಲ್ಲಿನ ನಡುವಿಗೆ ಎಷ್ಟು. ಜೊತೆಗೆ ಎರಡು ಡ್ರಾಪ್‌ಔಟ್‌ಗಳ ನಡುವಿನ ಅಂತರವನ್ನೂ ನೋಡಿ, 135 ಮಿ.ಮೀ. ಇರಬೇಕು. ಮುಂದಿನ ರಿಂಗುಗಳು ಬೋಲ್ಟಿನಿಂದ ಕೂತಿವೆಯೋ ರಿವೆಟ್ ಹೊಡೆದಿದೆಯೋ ಅದನ್ನೂ ತಿಳಿಸಿ.

ಪೆಡಲ್_ಮೈಸೂರು:
ಕೊಳವೆ 28.6. ಕೊಳವೆಯಿಂದ ದೊಡ್ಡ ರಿಂಗಿಗೆ 41. ಡ್ರಾಪ್‌ಔಟ್‌ನಿಂದ ಫ್ರೀವೀಲ್ ಹಲ್ಲಿಗೆ 29. ನಡುವೆ 135 ಸರಿಯಾಗಿದೆ. ರಿಂಗುಗಳಿಗೆ ರಿವೆಟ್ ಇದೆ, ಬಿಚ್ಚಲು ಬರುವುದಿಲ್ಲ.

ಕಡ್ಡಿಚಕ್ರ:
ಹಾಗಾದರೆ ಲೆಕ್ಕ ಹೀಗಿದೆ. ಮುಂದಿನ ಚೈನ್‌ಲೈನ್ (ಫ್ರೇಮಿನ ನಟ್ಟನಡುವಿನಿಂದ ಹಲ್ಲಿನ ನಡುವಿಗಿರುವ ದೂರ): 41ಕ್ಕೆ ಕೊಳವೆಯ ಅರ್ಧ 14.3 ಸೇರಿಸಿದರೆ 55.3. ಹಿಂದಿನದು: 135ರ ಅರ್ಧ 67.5, ಅದರಲ್ಲಿ 29 ಕಳೆದರೆ 38.5. ಫ್ರೇಮಿನ ನಟ್ಟನಡುವಿನಿಂದ ಲೆಕ್ಕ ಹಾಕಿದರೆ ಮುಂದಿನ ರಿಂಗು ಹಿಂದಿನ ಹಲ್ಲಿಗಿಂತ ಸುಮಾರು 17 ಮಿ.ಮೀ. ಹೊರಗಿದೆ. ಫ್ರೀವೀಲ್ ಇರುವ ಸಿಂಗಲ್ ಸ್ಪೀಡಿಗೆ 2 ಮಿ.ಮೀ. ವ್ಯತ್ಯಾಸವಿದ್ದರೆ ನಡೆಯುತ್ತದೆ, ಫಿಕ್ಸಿಗಾದರೆ 1 ದಾಟಬಾರದು. 17 ಇದ್ದರೆ ಚೈನು ನಿಲ್ಲುವ ಮಾತೇ ಇಲ್ಲ. ಅದರ ಮೇಲೆ ಗೇರ್ ಸೈಕಲ್ಲಿನ ರಿಂಗಿನ ಹಲ್ಲುಗಳನ್ನು ಚೈನು ಸುಲಭವಾಗಿ ಜಾರಿ ಪಕ್ಕದ ರಿಂಗಿಗೆ ಹೋಗಲೆಂದೇ ಅಲ್ಲಲ್ಲಿ ಗಿಡ್ಡ ಮಾಡಿ, ಓರೆ ಕೊಟ್ಟಿರುತ್ತಾರೆ. ಓರೆಯಾಗಿ ಎಳೆಯುವ ಚೈನಿಗೆ ಅಂಥ ಹಲ್ಲು ಸಿಕ್ಕಿದರೆ ಹಂಪ್ ಹಾರಿದಾಗ ಬೀಳದೆ ಇರದು.

ಎರಡೂ ಕಡೆಯಿಂದ ಸರಿಪಡಿಸಬೇಕು. ಮುಂದಿನಿಂದ ನೋಡೋಣ. ರಿವೆಟ್ ಕೊರೆದು ನಡುವಿನ ರಿಂಗನ್ನೇ ಬಳಸುವವರಿದ್ದಾರೆ. ಆದರೆ ಅದು 34 ಹಲ್ಲಿನದಿರುತ್ತದೆ, ಹಿಂದೆ 16 ಹಾಕಿದರೂ 55 ಇಂಚಿನ ಗೇರು (ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿ ಚಕ್ರದ ಇಂಚಿನಿಂದ ಗುಣಿಸಿದ್ದು), ಬಯಲು ರಸ್ತೆಯಲ್ಲಿ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ. 16ಕ್ಕಿಂತ ಚಿಕ್ಕ ಫ್ರೀವೀಲ್ ನಿಮ್ಮ ಹಬ್ಬಿನ 1.37 ಇಂಚಿನ ಥ್ರೆಡ್ಡಿಗೆ ಬರುವುದೂ ಇಲ್ಲ. 15 ಮತ್ತು ಅದಕ್ಕೂ ಚಿಕ್ಕವು 30 ಮಿ.ಮೀ. ಥ್ರೆಡ್ಡಿನ ಬಿಎಂಎಕ್ಸ್ ಹಬ್ಬಿಗೆ. ಹಾಗಾಗಿ ಒಂದೇ ರಿಂಗಿನ, ಚೌಕ ಆಕ್ಸಲ್‌ನ ಕ್ರ್ಯಾಂಕ್ ಒಂದನ್ನು ಹಾಕಿ, 42 ಹಲ್ಲು ಸಾಕು. 42/18 ಅನ್ನು 26ರಿಂದ ಗುಣಿಸಿದರೆ 60.7 ಇಂಚು. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 23 ಕಿ.ಮೀ. ಮೈಸೂರಿನ ಒಳಗಿನ ರಸ್ತೆಗಳಿಗೆ ಹೇಳಿ ಮಾಡಿಸಿದ ಗೇರು.

ಆ ರಿಂಗು 47–48ರ ಚೈನ್‌ಲೈನ್‌ನಲ್ಲಿ ಕೂರುವಂತೆ ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಬೇರಿಂಗ್) ಆಕ್ಸಲ್‌ನ ಉದ್ದ ಆರಿಸಿ. ಈಗಿನ ಬಿಬಿಯಲ್ಲೇ ಕ್ರ್ಯಾಂಕ್ ಒಮ್ಮೆ ಕೂರಿಸಿ ಅಳೆಯಿರಿ. ಎರಡೂ ಬದಿ ಸಮನಾಗಿರುವ ಬಿಬಿಯಲ್ಲಿ ಉದ್ದ 10 ಮಿ.ಮೀ. ಕಡಿಮೆ ಮಾಡಿದರೆ ರಿಂಗು 5 ಮಿ.ಮೀ. ಮಾತ್ರ ಒಳಗೆ ಬರುತ್ತದೆ. ಉದಾಹರಣೆಗೆ 122.5ರ ಬಿಬಿಯಲ್ಲಿ 52.5 ಬಂದರೆ 113ರದ್ದು ತನ್ನಿ, 48ರ ಹತ್ತಿರ ಬರುತ್ತದೆ. ಕೊಳ್ಳುವ ಮುಂಚೆ ಕ್ರ್ಯಾಂಕ್ ತೋಳು ಮತ್ತು ರಿಂಗು ಬಿಬಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಗೆ (ಚೈನ್‌ಸ್ಟೇ) ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ತಿರುಪು:
ಹಿಂದಿನ ಚಕ್ರದ ಬಗ್ಗೆ ನಾನು ಸೇರಿಸುತ್ತೇನೆ, ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ಏಳು ಗೇರಿಗೆಂದು ಆಕ್ಸಲ್‌ನ ಬಲಗಡೆ ಉದ್ದದ ಸ್ಪೇಸರ್ ಇರುತ್ತದೆ, ಈಗ ಅಷ್ಟು ಜಾಗ ಬೇಡ. ಬಲಗಡೆಯಿಂದ 9 ಮಿ.ಮೀ. ಸ್ಪೇಸರ್ ಕಡಿಮೆ ಮಾಡಿ ಅಷ್ಟನ್ನೇ ಎಡಕ್ಕೆ ಸೇರಿಸಿದರೆ ಹಬ್ 9 ಮಿ.ಮೀ. ಬಲಕ್ಕೆ ಸರಿಯುತ್ತದೆ, ಒಟ್ಟು ಅಗಲ 135 ಹಾಗೇ ಉಳಿಯುತ್ತದೆ. ಹಿಂದಿನ ಚೈನ್‌ಲೈನ್ 38.5ರಿಂದ 47.5ಕ್ಕೆ ಬಂತು. ಆಕ್ಸಲ್ ಎರಡೂ ಕಡೆ ಸಮನಾಗಿ ಹೊರಬರುವಂತೆ ಕೋನುಗಳ ಜಾಗ ಹೊಂದಿಸಿ, ಗ್ರೀಸ್ ಹಾಕಿ, ಆಡದಂತೆ ಬಿಗಿ ಮಾಡಿ. ಕ್ವಿಕ್ ರಿಲೀಸ್ ಆಕ್ಸಲ್ ಆದರೆ ತುದಿ ಡ್ರಾಪ್‌ಔಟ್‌ನ ದಪ್ಪಕ್ಕಿಂತ ಹೊರಗೆ ಚಾಚಬಾರದು, ಚಾಚಿದರೆ ಲಿವರ್ ಎಷ್ಟು ಒತ್ತಿದರೂ ಚಕ್ರ ಹಿಡಿಯುವುದಿಲ್ಲ.

ಈಗ ರಿಮ್ಮೂ ಹಬ್ಬಿನ ಜೊತೆಗೆ ಬಲಕ್ಕೆ ಹೋಗಿರುತ್ತದೆ, ಅದನ್ನು ಎಡಕ್ಕೆ ತರಬೇಕು. ಬಲಗಡೆಯ ಕಡ್ಡಿಗಳನ್ನೆಲ್ಲ ಅರ್ಧ ಸುತ್ತು ಸಡಿಲಿಸಿ, ಎಡಗಡೆಯವನ್ನು ಅರ್ಧ ಸುತ್ತು ಬಿಗಿ ಮಾಡಿ. ಹೀಗೆ ನಾಲ್ಕು ಬಾರಿ, ಅಂದರೆ ಒಟ್ಟು ಸುಮಾರು ಎರಡು ಸುತ್ತಿನಲ್ಲಿ 9 ಮಿ.ಮೀ. ಸರಿಯುತ್ತದೆ. ಒಂದೇ ಸಲಕ್ಕೆ ಪೂರ್ತಿ ತಿರುಗಿಸಬೇಡಿ, ರಿಮ್ ಎಂಟರ ಆಕಾರಕ್ಕೆ ಹೋಗುತ್ತದೆ. ನಿಪ್ಪಲ್ ಗಟ್ಟಿ ಇದ್ದರೆ ಹಿಂದಿನ ರಾತ್ರಿಯೇ ಒಂದೊಂದು ಹನಿ ಎಣ್ಣೆ ಬಿಟ್ಟಿಡಿ. ಕೊನೆಯಲ್ಲಿ ಬೆಂಡ್ ತೆಗೆಯಿರಿ. ಈ ಕೆಲಸಕ್ಕೆ ಇನ್ನೊಂದು ಲಾಭವಿದೆ. ಗೇರ್ ಚಕ್ರದಲ್ಲಿ ಬಲಗಡೆಯ ಕಡ್ಡಿಗಳು ಬಹಳ ಬಿಗಿ, ಎಡದವು ಸಡಿಲ. ಈಗ ಎರಡೂ ಕಡೆ ಹೆಚ್ಚುಕಡಿಮೆ ಸಮ ಆಗುವುದರಿಂದ ಚಕ್ರ ಮುಂಚಿಗಿಂತ ಗಟ್ಟಿಯಾಗುತ್ತದೆ.

ಬಿಗಿ ಮಾಡುವ ವಿಷಯಕ್ಕೆ ಬಂದರೆ, ನೇರ ಸೀಳಿನ ಡ್ರಾಪ್‌ಔಟ್‌ಗೆ ಟೆನ್ಶನರ್ (ಚೈನನ್ನು ಸದಾ ಬಿಗಿಯಾಗಿಡುವ ಸಾಧನ) ಬೇಕೇ ಬೇಕು. ಹಲ್ಲಿನ ಲೆಕ್ಕ ಹೊಂದಿಸಿ ಟೆನ್ಶನರ್ ಇಲ್ಲದೆ ಬಿಗಿ ಬರಿಸಬಹುದೆಂದು ಹೇಳುವವರಿದ್ದಾರೆ. ಒಂದು ಹಲ್ಲು ಬದಲಾದರೆ ಆಕ್ಸಲ್‌ನ ಜಾಗದಲ್ಲಿ ಸುಮಾರು 3 ಮಿ.ಮೀ. ವ್ಯತ್ಯಾಸ, ಅರ್ಧ ಕೊಂಡಿ ಸೇರಿಸಿದರೆ ಸುಮಾರು 6. ಅದೃಷ್ಟವಿದ್ದರೆ ಸರಿಹೊಂದಬಹುದು. ಆದರೆ 100 ಕೊಂಡಿಯ ಚೈನು ಸವೆದು ಅರ್ಧ ಶೇಕಡಾ ಉದ್ದವಾದರೆ 6 ಮಿ.ಮೀ. ಹೆಚ್ಚಾಯಿತು, ಆಕ್ಸಲ್ 3 ಮಿ.ಮೀ. ಮುಂದೆ ಬಂದಷ್ಟು ಸಡಿಲ. ಮತ್ತೆ ಮೊದಲಿನ ಪಾಡೇ. ನಿಮ್ಮ ಹಳೇ ಹಿಂದಿನ ಡಿರೇಲರ್ ಇದೆಯಲ್ಲ, ಅದನ್ನೇ ಬಳಸಿ. ಗೇಣುದ್ದ ಕೇಬಲ್ ತುಂಡಿನ ಗುಂಡನ್ನು ಅಡ್ಜಸ್ಟರ್‌ನಲ್ಲಿ ಕೂರಿಸಿ, ಮೇಲಿನ ಪುಲ್ಲಿ ಫ್ರೀವೀಲ್ ಹಲ್ಲಿನ ಸರಿ ಕೆಳಗೆ ಬರುವಷ್ಟು ಎಳೆದು ಬೋಲ್ಟಿನಿಂದ ಹಿಡಿಸಿ. ನಯವಾಗಿ ಹೊಂದಿಸಲು ಅಡ್ಜಸ್ಟರ್ ತಿರುಗಿಸಿದರೆ ಆಯಿತು.

ಡಿರೇಲರ್‌ನ ಕೇಜಿನಲ್ಲಿ 1/8 ಚೈನು ಉಜ್ಜುತ್ತದೆ. ಹಾಗಾಗಿ ಚೈನು 3/32ರದ್ದೇ ಇರಲಿ, ಫ್ರೀವೀಲ್ ಬದಲಿಸಿ: 3/32ರ 18 ಹಲ್ಲಿನದು ಕೇಳಿ ತನ್ನಿ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೂರು ಸುತ್ತು ಕೈಯಿಂದಲೇ ಹೋಗಬೇಕು. ಹೋಗದಿದ್ದರೆ ಓರೆ ಹತ್ತಿದೆ, ಅಲ್ಲಿಗೇ ನಿಲ್ಲಿಸಿ ಬಿಚ್ಚಿ. ಚೈನನ್ನೂ ಅಳೆದು ನೋಡಿ. 24 ಪಿಚ್ (ಪಿನ್ನಿನಿಂದ ಪಿನ್ನಿಗೆ ಒಂದು) ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಹೆಚ್ಚಿದ್ದರೆ ಹೊಸ ಚೈನು ಹಾಕಿ. ಸವೆದ ಚೈನನ್ನು ಹೊಸ ಫ್ರೀವೀಲ್ ಮೇಲೆ ಹಾಕಿದರೆ ಮತ್ತೆ ಜಿಗಿಯುತ್ತದೆ.

ಪೆಡಲ್_ಮೈಸೂರು:
ಬಹಳ ಉಪಕಾರವಾಯಿತು ಸರ್. ಫಿಕ್ಸಿ ವಿಷಯ? ಇದೇ ಹಬ್ಬಿಗೆ ಫಿಕ್ಸ್ಡ್ ಕಾಗ್ (ಫ್ರೀ ತಿರುಗದ ಹಲ್ಲಿನ ಚಕ್ರ) ತಿರುಗಿಸಿ ಲಾಕ್‌ಟೈಟ್ (ಥ್ರೆಡ್ ಹಿಡಿಸುವ ಅಂಟು) ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು.

ಕಡ್ಡಿಚಕ್ರ:
ದಯವಿಟ್ಟು ಮಾಡಬೇಡಿ. ಕಾಗ್ ಮುಂದಕ್ಕೆ ತುಳಿದಾಗ ಬಿಗಿಯಾಗುವ ಥ್ರೆಡ್ಡಿನಲ್ಲಿರುತ್ತದೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಫಿಕ್ಸಿಗೆಂದೇ ಮಾಡಿದ ಅಸಲಿ ಟ್ರ್ಯಾಕ್ ಹಬ್ಬಿನಲ್ಲಿ ಅದರ ಹೊರಗೆ ಇನ್ನೊಂದು ಚಿಕ್ಕ ಮೆಟ್ಟಿಲು, ಅದಕ್ಕೆ ಎಡ ಥ್ರೆಡ್ಡು, ಎಡ ಥ್ರೆಡ್ಡಿನ ಲಾಕ್‌ರಿಂಗ್ ಇರುತ್ತದೆ. ಕಾಗ್ ಬಿಚ್ಚಲು ಹೊರಟರೆ ಲಾಕ್‌ರಿಂಗ್ ಇನ್ನೂ ಬಿಗಿಯಾಗುತ್ತದೆ. ಫ್ರೀವೀಲ್ ಹಬ್ಬಿನಲ್ಲಿ ಆ ಮೆಟ್ಟಿಲೇ ಇಲ್ಲ. ಇಳಿಜಾರಿನಲ್ಲಿ ಕಾಲಿನಿಂದ ತಡೆಯುವ ಹೊತ್ತಿಗೇ ಕಾಗ್ ಸಡಿಲಾಗುತ್ತದೆ, ಬೇಕಾದಾಗಲೇ ತಡೆ ಇರುವುದಿಲ್ಲ. ಬಿಬಿಯ ಲಾಕ್‌ರಿಂಗ್ ಹಾಕುವ ಉಪಾಯವೂ ಇದೆ, ಅದು ಬಲ ಥ್ರೆಡ್ಡು, ಕಾಗ್ ಜೊತೆಗೇ ಬಿಚ್ಚಬಹುದು.

ಹಬ್ ಬದಲಿಸಿದರೂ ನಿಮ್ಮ ಫ್ರೇಮಿಗೆ ಫಿಕ್ಸಿ ಆಗದು. ಹಿಂದಕ್ಕೆ ಒತ್ತಿದಾಗ ಎಳೆತವೆಲ್ಲ ಕೆಳಗಿನ ಚೈನಿಗೆ ಬರುತ್ತದೆ, ಟೆನ್ಶನರ್‌ನ ತೋಳು ನೆಟ್ಟಗಾಗಿ ಮುರಿಯುತ್ತದೆ. ಚೈನನ್ನು ಆಕ್ಸಲ್ ಎಳೆದೇ ಬಿಗಿ ಮಾಡುವ, ಅಡ್ಡ ಸೀಳಿನ ಫ್ರೇಮು ಬೇಕು. ಎಕ್ಸೆಂಟ್ರಿಕ್ ಹಬ್ (ನಡುವಿನಿಂದ ಸರಿದ ಆಕ್ಸಲ್ ತಿರುಗಿಸಿ ಚೈನು ಬಿಗಿ ಮಾಡುವ ಹಬ್) ಎಂಬುದಿದೆ, ಆದರೆ ಅದರ ಬೆಲೆಗೆ ಒಳ್ಳೆಯ ಹಳೇ ಫ್ರೇಮನ್ನೇ ಹುಡುಕಬಹುದು. ಈ ಸೈಕಲ್ ಫ್ರೀವೀಲ್‌ನಲ್ಲೇ ಇರಲಿ, ಎರಡೂ ಬ್ರೇಕ್ ಇರಲಿ.

ಕರಾವಳಿ_ಸವಾರ:
ಅಡ್ಡ ಸೀಳು ಅಂದಿರಲ್ಲ, ನನ್ನ ಬಳಿ 28 ಇಂಚಿನ ರಾಡ್ ಬ್ರೇಕಿನ ಹಳೇ ಸೈಕಲ್ ಇದೆ, ಚೈನ್ ಅಡ್ಜಸ್ಟರ್ ಇರುವ ಸೀಳು. 36 ರಂಧ್ರದ ಟ್ರ್ಯಾಕ್ ಹಬ್ ತರಿಸುವವನಿದ್ದೇನೆ. ಆಗುತ್ತದಾ?

ತಿರುಪು:
36ರದ್ದು ತರಿಸಬೇಡಿ. ಆ ಸೈಕಲ್ಲುಗಳಲ್ಲಿ ಮುಂದಿನ ರಿಮ್ಮಿಗೆ 32 ಕಡ್ಡಿ, ಹಿಂದಿನದಕ್ಕೆ 40. ಎರಡರಲ್ಲಿ ಯಾವುದೂ 36ಕ್ಕೆ ಹೊಂದುವುದಿಲ್ಲ. 32 ರಂಧ್ರದ ಟ್ರ್ಯಾಕ್ ಹಬ್ ತರಿಸಿ, ಇನ್ನೊಂದು ಮುಂದಿನ ರಿಮ್ಮನ್ನು ಕೊಂಡು ಹಿಂದಕ್ಕೆ ಕಟ್ಟಿಸಿ, ಅಳತೆ ಅದೇ 28 × 1½. ಕಡ್ಡಿಯ ಉದ್ದ ಹೊಸದಾಗಿ ಲೆಕ್ಕ ಹಾಕಬೇಕು. ಟ್ರ್ಯಾಕ್ ಹಬ್ಬಿನ ಅಗಲ 120, ನಿಮ್ಮ ಫ್ರೇಮಿನ ಅಗಲ ಅಳೆದು ನೋಡಿ. ಕಡಿಮೆ ಇದ್ದರೆ ಸ್ಟೀಲ್ ಆದ್ದರಿಂದ ಹಿಗ್ಗಿಸಬಹುದು, ಎರಡೂ ಕಡೆ ಸಮನಾಗಿ. 44 × 18 ಇದ್ದರೆ 68 ಇಂಚಿನ ಗೇರು. ಮಂಗಳೂರಿನ ಏರಿಗೆ ಅದು ಭಾರ, 20 ಹಲ್ಲಿನ ಕಾಗ್ ಹಾಕಿ.

ಇಲ್ಲಿ ಚೈನು 1/8ರದ್ದೇ. ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಒಟ್ಟು 10–15 ಮಿ.ಮೀ. ಆಡಬೇಕು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ, ಅತಿ ಬಿಗಿ ಬರುವ ಜಾಗದಲ್ಲಿ ಅಳೆಯಿರಿ, ಏಕೆಂದರೆ ಆ ರಿಂಗುಗಳು ಪೂರ್ತಿ ದುಂಡಗಿರುವುದಿಲ್ಲ. ಮುಂದಿನ ಬ್ರೇಕ್ ತೆಗೆಯಲೇಬೇಡಿ. ಸ್ಟೀಲ್ ರಿಮ್ ಮಳೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಕಾಲು ಮತ್ತು ಬ್ರೇಕ್ ಎರಡೂ ಬೇಕು.

ಕಾಟರ್ ಪಿನ್ನಿನ (ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿಸುವ ಓರೆ ಪಿನ್ನು) ಕ್ರ್ಯಾಂಕ್ ಆದರೆ ಒಂದು ಎಚ್ಚರಿಕೆ. ಫಿಕ್ಸಿಯಲ್ಲಿ ಹೊರೆ ಎರಡೂ ದಿಕ್ಕಿನಿಂದ ಬೀಳುವುದರಿಂದ ಮೆತ್ತನೆಯ ಪಿನ್ ಬೇಗ ತಿಂದುಹೋಗುತ್ತದೆ. ಹೊಸ ಗಟ್ಟಿ ಪಿನ್ ತಂದು, ಕ್ರ್ಯಾಂಕಿನ ಕೆಳಗೆ ಭಾರದ ಆಧಾರ ಕೊಟ್ಟು ಸುತ್ತಿಗೆಯಿಂದ ಕೂರಿಸಿ, ಆಮೇಲೆ ನಟ್ಟು ಬಿಗಿ ಮಾಡಿ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಪಿನ್ನಿನ ಥ್ರೆಡ್ ಹೋಗುತ್ತದೆ. ಮೊದಲ ಸವಾರಿ ಮುಗಿದ ಕೂಡಲೇ ಮತ್ತೊಮ್ಮೆ ಹೊಡೆದು ಬಿಗಿ ಮಾಡಿ.